ಹಾಡ್ತಾ ಇದಾರೋ, ಮಾತಾಡ್ತಾ ಇದಾರೋ

ಅವರೆಕಾಯಿ ಕಾಲದಲ್ಲಿ ನಮ್ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಅಂದರೆ ಹಿತಕುವ ಕೆಲಸ. ರಾತ್ರಿಯೇ ನೆನೆಹಾಕಿದ ಕಾಳು ದೊಡ್ಡ ಬೇಸಿನ್ನಿನಲ್ಲಿ. ಆ ಕಡೆ ಅಮ್ಮ, ಈ ಕಡೆ ನಾನು. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಆಚೆ ಜಿಗಿಯುತ್ತದೆ. ಅಮ್ಮನದು ಪಾತ್ರೆಗೇ ಬೀಳುತ್ತದೆ. ನನ್ನದು ಸೋಫಾ ಕೆಳಗೆ.

ಸುಮ್ನೆ ಕೂತು ಹಿತಕುವುದು ನನ್ನ ಕೈಲಾಗದ ಕೆಲಸ. ಫೋನನ್ನು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿ ಹಾಡು ಹಾಕುತ್ತೇನೆ. ಚೊಂಬಿನಲ್ಲಿಟ್ಟರೆ ದನಿ ಜೋರಾಗುತ್ತದೆ. ಜೊತೆಗೆ ಹಾಡುವವರಿಗೆಲ್ಲ ನೆಗಡಿಯಾದ ಹಾಗೂ ಕೇಳುತ್ತದೆ. ಅಮೆರಿಕದ ಹಾಡುಗಾರ ವಿಲ್ಲಿ ನೆಲ್ಸನ್ ಅವರಿಗೆ ಮಾತ್ರ ಇದರಿಂದ ಏನೂ ನಷ್ಟವಿಲ್ಲ. ಅವರು ಮೊದಲಿಂದಲೂ ಮೂಗಿನಲ್ಲೇ ಹಾಡುವವರು.

ಅವತ್ತು ಹಾಕಿದ್ದು ಅವರು ಮರ್ಲ್ ಹ್ಯಾಗರ್ಡ್ ಜೊತೆ ಹಾಡಿದ 'ಜ್ಯಾಂಗೋ ಆಂಡ್ ಜಿಮ್ಮಿ'. ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತ, ಅದರ ಆಲ್ಬಂ, 2015ರ ಜೂನ್‌ನಲ್ಲಿ ಬಂದದ್ದು. ಆಗ ವಿಲ್ಲಿಗೆ 82, ಮರ್ಲ್‌ಗೆ 78. ಎರಡು ಹಾಡು ಕೇಳುವವರೆಗೆ ಅಮ್ಮ ತಡೆದುಕೊಂಡಳು. ಆಮೇಲೆ ಕೇಳಿದಳು: "ಏನೋ ಇದು? ಹಾಡ್ತಾ ಇದಾರೋ, ಮಾತಾಡ್ತಾ ಇದಾರೋ?"

ನಮಗೆ ಯುಗಳಗೀತೆ ಅಂದರೆ ಒಂದು ಗಂಡು, ಒಂದು ಹೆಣ್ಣು, ಅಕ್ಕಪಕ್ಕ ಒಂದು ಮರ. ಇಲ್ಲಿ ಇಬ್ಬರು ಗಡ್ಡದ ತಾತಂದಿರು. ಒಬ್ಬರಿಗಂತೂ ಎದೆವರೆಗೆ ಇಳಿಬಿದ್ದ ಎರಡು ಜಡೆ ಬೇರೆ. ಅವರೇ ವಿಲ್ಲಿ, ಟೆಕ್ಸಸ್‌ನ ಆ್ಯಬಟ್ ಅನ್ನುವ ಪುಟ್ಟ ಊರಿನವರು. ಮರ್ಲ್ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಹತ್ತಿರದವರು. ಹಳೇ ರೈಲು ಡಬ್ಬಿಯೊಂದನ್ನು ಅಪ್ಪ ಮನೆ ಮಾಡಿಕೊಂಡಿದ್ದರು. ಹುಡುಗ ಬೆಳೆದದ್ದು ಅದರಲ್ಲಿ. ಒಂಬತ್ತನೇ ವಯಸ್ಸಿಗೆ ಅಪ್ಪ ಹೋದರು, ಹುಡುಗ ದಾರಿ ತಪ್ಪಿದ, ಕೊನೆಗೆ ಸ್ಯಾನ್ ಕ್ವೆಂಟಿನ್ ಜೈಲು ಸೇರಿದ. ಅಲ್ಲಿ ಕೈದಿಗಳಿಗೆ ಹಾಡಲು ಬಂದ ಜಾನಿ ಕ್ಯಾಶ್ ಅವರನ್ನು ಕೈದಿಗಳ ನಡುವೆಯೇ ಕೂತು ಕೇಳಿದ. ಈ ಆಲ್ಬಂನಲ್ಲಿ ಆ ಕ್ಯಾಶ್ ಅವರನ್ನು ನೆನೆಯುವ ಒಂದು ಹಾಡೂ ಇದೆ. ಕಣ್ಣೀರಿನ ಹಾಡಲ್ಲ. ಸತ್ತವರ ತಿಥಿ ಊಟಕ್ಕೆ ಕೂತು ಅವರ ತುಂಟಾಟಗಳನ್ನೇ ಹೇಳಿಕೊಂಡು ನಗುತ್ತೀವಲ್ಲ, ಆ ಥರದ್ದು.

ಹಾಗಾದರೆ ಜ್ಯಾಂಗೋ ಯಾರು, ಜಿಮ್ಮಿ ಯಾರು? ಇವರಿಬ್ಬರ ಗುರುಗಳು ಅನ್ನಬಹುದು, ದೂರದಿಂದ. ಜ್ಯಾಂಗೋ ರೈನ್‌ಹಾರ್ಟ್ ಯುರೋಪಿನ ಜಿಪ್ಸಿ ಗಿಟಾರುಗಾರ. 1928ರಲ್ಲಿ ಅವರು ವಾಸವಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದವು. ಉಳಿದ ಎರಡರಲ್ಲೇ ಜಗತ್ತು ಬೆರಗಾಗುವ ಹಾಗೆ ನುಡಿಸಿದರು. (ನನಗೆ ಹತ್ತು ಬೆರಳಿದ್ದೂ ಅವರೆಕಾಳು ಸೋಫಾ ಕೆಳಗೆ ಹೋಗುತ್ತದೆ.) ಜಿಮ್ಮಿ ರಾಜರ್ಸ್ ಮಿಸಿಸಿಪ್ಪಿಯವರು, ರೈಲಿನಲ್ಲಿ ಬ್ರೇಕ್ ಹಾಕುವ ನೌಕರಿ. ಕ್ಷಯ ಹಿಡಿದು ಆ ಕೆಲಸ ಬಿಟ್ಟು, ಹಾಡನ್ನೇ ನಂಬಿದರು. ಕಡೆಯ ರೆಕಾರ್ಡಿಂಗ್ ನಡೆದಾಗ ಹಾಡು ಹಾಡಿನ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತಿದ್ದರಂತೆ. 1933ರ ಮೇ 26ಕ್ಕೆ ತೀರಿಕೊಂಡರು. ವಿಲ್ಲಿ ಹುಟ್ಟಿದ್ದು ಅದೇ ವರ್ಷದ ಏಪ್ರಿಲ್ 29ಕ್ಕೆ. ಇಪ್ಪತ್ತೇಳು ದಿನ ಇಬ್ಬರೂ ಒಂದೇ ಭೂಮಿಯ ಮೇಲಿದ್ದರು.

ಅಮ್ಮನ ಪ್ರಶ್ನೆಗೆ ಬರೋಣ. ವಿಲ್ಲಿ ತಾಳಕ್ಕೆ ಸರಿಯಾಗಿ ಬಂದು ಹಾಡುವ ಆಸಾಮಿಯೇ ಅಲ್ಲ. ಡ್ರಮ್ಮು ಮುಂದೆ ಹೋಗಿರುತ್ತದೆ, ಇವರು ಹಿಂದೆ ಯಾರ ಜೊತೆಯೋ ಮಾತಾಡುತ್ತಾ ನಿಂತವರ ಹಾಗೆ ತಡವಾಗಿ ಬರುತ್ತಾರೆ. ಇನ್ನೇನು ತಪ್ಪಿತು ಅನ್ನುವಾಗ ನಾಲ್ಕು ಮಾತು ಪಟಪಟ ಹೇಳಿ ಡ್ರಮ್ಮಿನ ಪಕ್ಕಕ್ಕೆ ಬಂದು ನಿಂತಿರುತ್ತಾರೆ. ಅವರ ಗಿಟಾರೂ ಹಾಗೇ. ಹೆಸರು ಟ್ರಿಗರ್. 1969ರಲ್ಲಿ ಕೊಂಡದ್ದು. ನುಡಿಸಿ ನುಡಿಸಿ ಮರದಲ್ಲಿ ಇನ್ನೊಂದು ತೂತೇ ಬಿದ್ದಿದೆ. ಫೋಟೋ ತೋರಿಸಿದೆ. ಅಮ್ಮ ಅಡುಗೆಮನೆ ಮೂಲೆಯ ಈಳಿಗೆಮಣೆ ಕಡೆ ನೋಡಿದಳು. ಅಜ್ಜಿಯ ಕಾಲದ್ದು, ಕೂರುವ ಜಾಗ ಸವೆದು ಗುಳಿ ಬಿದ್ದಿದೆ. ಹೊಸದು ತರ್ತೀನಿ ಅಂತ ನಾನು ಹೇಳದ ವರ್ಷವಿಲ್ಲ.

ಮರ್ಲ್ ಹಾಗಲ್ಲ. ಅವರದು ತೂಕದ ದನಿ, ಅವಸರವಿಲ್ಲ, ಇಟ್ಟ ಹೆಜ್ಜೆ ಇಟ್ಟಲ್ಲೇ ಇರುತ್ತದೆ. ಈ ಇಬ್ಬರನ್ನು ಜೋಡಿ ಮಾಡಿದರೆ ಜಗಳ ಆಗಬೇಕಿತ್ತು, ಅಲ್ವಾ? ಆದರೆ ಒಬ್ಬರು ಒಂದು ಚರಣ ಹೇಳಿ ಸುಮ್ಮನಾಗುತ್ತಾರೆ. ಇನ್ನೊಬ್ಬರು "ಹೂಂ, ಅದಿರಲಿ, ನಂದೂ ಕೇಳು" ಅನ್ನುವ ಹಾಗೆ ಶುರು ಮಾಡುತ್ತಾರೆ.

ಇದು ಒಂದು ದಿನದಲ್ಲಿ ಬಂದದ್ದಲ್ಲ. 1983ರಲ್ಲೇ ಇವರು 'ಪ್ಯಾಂಚೋ ಆಂಡ್ ಲೆಫ್ಟಿ' ಅಂತ ಮೊದಲ ಜೋಡಿ ಆಲ್ಬಂ ಮಾಡಿದ್ದರು. ಅದರ ಮುಖ್ಯ ಹಾಡು ಸಿಕ್ಕಿದ್ದು ಕೊನೇ ಗಳಿಗೆಯಲ್ಲಿ. ಮರ್ಲ್ ತಮ್ಮ ಬಸ್ಸಿನಲ್ಲಿ ಗಾಢ ನಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ವಿಲ್ಲಿ ಬಂದು ಎಬ್ಬಿಸಿದರು. ಮರ್ಲ್ ನಿದ್ದೆಗಣ್ಣಲ್ಲೇ ಹೋಗಿ ತಮ್ಮ ಪಾಲಿನದು ಹಾಡಿ ಮತ್ತೆ ಬಂದು ಮಲಗಿದರು. ಎದ್ದ ಮೇಲೆ, ಇನ್ನೊಮ್ಮೆ ಸರಿಯಾಗಿ ಹಾಡ್ತೀನಿ ಅಂದರೆ, ಟೇಪು ಆಗಲೇ ನ್ಯೂಯಾರ್ಕ್‌ಗೆ ಹೋಗಿಯಾಯ್ತು ಅನ್ನುವ ಉತ್ತರ ಬಂತು. ಅದೇ ಹಾಡು ಆ ವರ್ಷ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನಡುರಾತ್ರಿ ಬಾಗಿಲು ತಟ್ಟಿದರೂ ಬೈಯದೆ ಎದ್ದು ಬರುವ ಸ್ನೇಹಿತ ನನಗೆಷ್ಟು ಜನ ಇದ್ದಾರೆ ಅಂತ ಎಣಿಸಲು ಹೊರಟೆ. ಎಣಿಕೆ ಬೇಗ ಮುಗಿಯಿತು.

ಚೊಂಬಿನಲ್ಲಿ ಅಷ್ಟರಲ್ಲಿ 'ಫ್ಯಾಮಿಲಿ ಬೈಬಲ್' ಬಂತು. ಮೇಜಿನ ಮೇಲಿನ ಹಳೇ ಬೈಬಲ್ಲು, ಅಪ್ಪ ಓದಿ ಹೇಳುತ್ತಿದ್ದದ್ದು, ಅಂಥ ನೆನಪಿನ ಹಾಡು. ಬರೆದದ್ದು ವಿಲ್ಲಿ, ಎಳೆಯ ವಯಸ್ಸಿನಲ್ಲಿ. ಕಾಸಿಲ್ಲದೆ 50 ಡಾಲರ್‌ಗೆ ಮಾರಿಬಿಟ್ಟಿದ್ದರು. ಇಲ್ಲಿ ಅದನ್ನು ಹಾಡುವವರು ಮರ್ಲ್. ಅಮ್ಮನಿಗೆ ಅರ್ಥ ಹೇಳಿದೆ. ಹಿತಕುವುದು ನಿಲ್ಲಿಸಿ ಕೇಳಿದಳು. "ಪಾಪ, ಒಳ್ಳೇ ಜನ" ಅಂದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಅದೇ ಆಲ್ಬಂನಲ್ಲಿ 'ಇಟ್ಸ್ ಆಲ್ ಗೋಯಿಂಗ್ ಟು ಪಾಟ್' ಅಂತ ಇನ್ನೊಂದಿದೆ ಅಂದೆ. ಲೋಕವೆಲ್ಲ ಹಾಳಾಯ್ತು ಅನ್ನುವುದು ಒಂದರ್ಥ, ಎಲ್ಲ ಗಾಂಜಾಕ್ಕೇ ಹೋಯ್ತು ಅನ್ನುವುದು ಇನ್ನೊಂದು. ಬಿಡುಗಡೆ ಮಾಡಿದ್ದೂ ಏಪ್ರಿಲ್ 20ಕ್ಕೆ, ಅಲ್ಲಿನ ಗಾಂಜಾಪ್ರಿಯರ ಹಬ್ಬದ ದಿನ. ವಿಡಿಯೋದಲ್ಲಿ ಇಬ್ಬರೂ ಹೊಗೆ ಬಿಡುತ್ತಾ ಹಾಡುತ್ತಾರೆ. ತಮಾಷೆ ಏನೆಂದರೆ, ನಮ್ಮೂರಲ್ಲಿ ಗಾಂಜಾ ಗೀಂಜಾ ಎಲ್ಲ ಸೇದಲ್ಲಪ್ಪ ಅಂತ ಶುರುವಾಗುವ ಹಾಡೊಂದನ್ನು 1969ರಲ್ಲಿ ಹಾಡಿ ದೇಶವೆಲ್ಲ ಹೆಸರು ಮಾಡಿದ್ದು ಇದೇ ಮರ್ಲ್.

"ಈಗ ತಾನೇ ದೇವರ ಪುಸ್ತಕ ಅಂದ್ರಲ್ಲೋ!"

"ಎರಡೂ ಅವರೇ ಅಮ್ಮ."

ಅಮ್ಮ ಮತ್ತೆ ಕಾಳಿಗೆ ಕೈ ಹಾಕಿದಳು. ಒಳ್ಳೇ ಜನ ಅಂದ ಮಾತನ್ನು ವಾಪಸ್ ಮಾತ್ರ ತಗೊಳ್ಳಲಿಲ್ಲ.

ಇಷ್ಟು ದಿನ ಬದುಕ್ತೀವಿ ಅಂತ ಗೊತ್ತಿದ್ದಿದ್ದರೆ ಇನ್ನೊಂಚೂರು ನೆಟ್ಟಗೆ ಮೈ ನೋಡಿಕೊಳ್ತಿದ್ದೆವು ಅನ್ನುವ ಅರ್ಥದ್ದೂ ಒಂದು ಹಾಡಿದೆ. 'ಲಿವ್ ದಿಸ್ ಲಾಂಗ್' ಅಂತ. ನಗುತ್ತಲೇ ಹಾಡಿದ್ದಾರೆ. ಆಲ್ಬಂ ಬಂದು ಹತ್ತು ತಿಂಗಳಿಗೆ, 2016ರ ಏಪ್ರಿಲ್ 6ರಂದು ಮರ್ಲ್ ಹೋಗಿಬಿಟ್ಟರು. ಅವತ್ತು ಅವರ 79ನೇ ಹುಟ್ಟುಹಬ್ಬ. ವಿಲ್ಲಿ ತೊಂಬತ್ತು ದಾಟಿದ ಮೇಲೂ ಟ್ರಿಗರ್ ಹಿಡಿದು ವೇದಿಕೆ ಹತ್ತಿದರು.

ಇದನ್ನು ಹೇಳಬಾರದಿತ್ತೇನೋ. ಅಮ್ಮ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಬೇಸಿನ್ನಿನಲ್ಲಿ ಇನ್ನೂ ಅರ್ಧ ಕಾಳು ಇತ್ತು. ಹಾಡು ಮುಗಿದು ಚೊಂಬು ತೆಪ್ಪಗಾಗಿತ್ತು.

"ಮೊದಲಿಂದ ಹಾಕು" ಅಂದಳು. "ಆ ತಡವಾಗಿ ಬರ್ತಾರಲ್ಲ, ಅವರು ಈ ಸಲ ಸರಿಯಾಗಿ ಬರ್ತಾರಾ ನೋಡೋಣ."