ನಡುವಿನ ಫೋಟೋ ಹಂಗ ಇರ್ತದ

ನಮ್ಮ ಭಾವ ನಿವೃತ್ತರಾದಾಗ ಒಂದು ಫ್ಲೆಕ್ಸ್ ಹಾಕಿಸೋಣ ಅಂತ ರಾಣೆಬೆನ್ನೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದ್ದು 2016ರಲ್ಲಿ. ಆ ಸುದ್ದಿ ಅಂಗಡಿಯವರಿಗೆ ಇನ್ನೂ ಮುಟ್ಟಿರಲಿಲ್ಲ. ನನಗೂ ಮುಟ್ಟಿರಲಿಲ್ಲ ಅನ್ನಿ.

ಕಂಪ್ಯೂಟರ್ ಮುಂದೆ ಇಪ್ಪತ್ತರ ಆಸುಪಾಸಿನ ಹುಡುಗ ಕೂತಿದ್ದ. ಮಾದರಿ ತೋರಿಸು ಅಂದೆ. ಹುಟ್ಟುಹಬ್ಬದ ಶುಭಾಶಯದ ಫೈಲೊಂದನ್ನು ತೆಗೆದ. ನಡುವೆ ಕೈಮುಗಿದು ನಿಂತ ನಾಯಕರು, ಆಳೆತ್ತರ. ಮೇಲೆ ಉಂಡೆ ಉಂಡೆಯಾಗಿ ಐದಾರು ಪುಟ್ಟ ಫೋಟೋ, ಅವರು ದೊಡ್ಡ ನಾಯಕರು. ಹುಡುಗ ಏನನ್ನೋ ಒತ್ತಿದ. ಮೇಲಿನ ಉಂಡೆಗಳೆಲ್ಲ ಮಾಯವಾಗಿ ಬೇರೆ ಉಂಡೆಗಳು ಬಂದವು. ಹಿಂದಿನ ಬಣ್ಣವೂ ಬದಲಾಯಿತು. ನಡುವಿನವರು ಮಾತ್ರ ಕೈಮುಗಿದುಕೊಂಡು ಹಾಗೇ ನಿಂತಿದ್ದರು. ಅದೇ ನಗು, ಅದೇ ಅಂಗಿ.

"ಇದೇನು ತಮ್ಮಾ?" ಅಂದೆ.

"ಮ್ಯಾಲಿನ ಸಾಲು ಅಷ್ಟ ಬದಲಾಗೂದ್ರಿ ಸರ. ನಡುವಿನ ಫೋಟೋ ಹಂಗ ಇರ್ತದ. ಐದು ನಿಮಿಷದ ಕೆಲಸ."

ಯಾರ ಫ್ಲೆಕ್ಸ್ ಅಂತ ಕೇಳಿದರೆ ಹುಡುಗ ನಕ್ಕ. "ಗಿರಾಕಿ ಹೆಸರು ಹೇಳಬಾರದ್ರಿ."

ಬೇಡ ಬಿಡು. ಅದು ಯಾರದ್ದೋ ಇರಬಹುದು, ಎಲ್ಲ ಊರಲ್ಲೂ ಇರುವಂಥದ್ದೇ. ಆದರೆ ನಾನು ಕೂತಿದ್ದು ರಾಣೆಬೆನ್ನೂರಿನಲ್ಲಿ. ಈ ಊರಿಗೆ 2018ರಿಂದ 2023ರವರೆಗೆ ಐದು ವರ್ಷ ಎಂಥ ಯೋಗ ಇತ್ತು ಅನ್ನೋದು ನೆನಪಾಗದೆ ಇರುತ್ತದೆಯೇ?

ಆರ್. ಶಂಕರ್ ಅವರು 2013ರಲ್ಲಿ ಇಲ್ಲಿ ಪಕ್ಷೇತರರಾಗಿ ನಿಂತು ಕಾಂಗ್ರೆಸ್ಸಿನ ಕೆ.ಬಿ. ಕೋಳಿವಾಡರ ಎದುರು ಸೋತಿದ್ದರು. 2018ರಲ್ಲಿ ಮತ್ತೆ ನಿಂತರು. ಈ ಸಲ ಅವರ ಗುರುತು ಆಟೋರಿಕ್ಷಾ. ಪಕ್ಷ, ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ. ಇದು ನಟ ಉಪೇಂದ್ರ ಅವರು 2017ರ ಕೊನೆಗೆ ಖಾಕಿ ಅಂಗಿ ತೊಟ್ಟು, ರಾಜಕೀಯ ಬೇಡ, ಪ್ರಜಾಕೀಯ ಬೇಕು ಎಂದು ಹತ್ತಿದ ಆಟೋ. ಚುನಾವಣೆಗೆ ಎರಡು ತಿಂಗಳಿದೆ ಅನ್ನುವಾಗ ಒಳಗೇ ಜಗಳವಾಗಿ ಉಪೇಂದ್ರ ಇಳಿದು ಹೋದರು. ಡ್ರೈವರ್ ಇಳಿದ ಮೇಲೂ ಆಟೋ ಓಡಿತು. ರಾಜ್ಯಕ್ಕೆಲ್ಲ ಒಂದೇ ಒಂದು ಸ್ಟಾಪಿನಲ್ಲಿ ನಿಂತಿತು, ಅದು ರಾಣೆಬೆನ್ನೂರು. ಸೋತವರು ಮತ್ತದೇ ಕೋಳಿವಾಡರು. ಅವರು ಆಗ ವಿಧಾನಸಭೆಯ ಸ್ಪೀಕರ್. ಅಂದರೆ ಯಾರು ಪಕ್ಷ ಬಿಟ್ಟರು, ಯಾರು ಬಿಡಲಿಲ್ಲ ಅಂತ ತೀರ್ಪು ಕೊಡುವ ಕುರ್ಚಿಯಲ್ಲಿದ್ದವರನ್ನು ಜನ ಮನೆಗೆ ಕಳಿಸಿದರು. ಬ್ರಹ್ಮ ಬರೆಯುವಾಗ ಇಂಥ ತಮಾಷೆಗಳನ್ನೂ ಮಾಡುತ್ತಾನೆ.

ಆ ಸಲ ಲೆಕ್ಕ ಹೀಗಿತ್ತು. ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37. ಉಳಿದದ್ದು ಮೂರು. ಬಿಎಸ್‌ಪಿಯ ಒಬ್ಬರು, ಪಕ್ಷೇತರ ಒಬ್ಬರು, ಆಟೋದ ಒಬ್ಬರು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಮೂರೇ ಹೋಳಿಗೆ ಉಳಿದರೆ ಹೇಗಿರುತ್ತೆ? ಮೇ 16ರ ಬೆಳಿಗ್ಗೆ ಶಂಕರ್ ಅವರು ಯಡಿಯೂರಪ್ಪನವರ ಮನೆಯಲ್ಲಿ ಕಾಣಿಸಿಕೊಂಡರು, ಬೆಂಬಲ ಬಿಜೆಪಿಗೆ ಅಂತಾಯಿತು. ಕತ್ತಲಾಗುವುದರೊಳಗೆ ಕಾಂಗ್ರೆಸ್ ಪಾಳಯದಲ್ಲಿದ್ದರು. ನಮ್ಮೂರ ಆಟೋದವರು ಹೊರಟ ಮೇಲೆ ಇಷ್ಟು ಬೇಗ ಯು-ಟರ್ನ್ ಹೊಡೆದರೆ ಹಿಂದೆ ಕೂತವರು ಬೈದುಬಿಡ್ತಾರೆ. ಇಲ್ಲಿ ಹಿಂದೆ ಕೂತವರು ಇಡೀ ಕ್ಷೇತ್ರದ ಮತದಾರರು. ಅವರಿಗೆ ಗಾಡಿ ತಿರುಗಿದ್ದು ಗೊತ್ತಾಗಿದ್ದು ಟಿವಿಯಲ್ಲಿ.

ಜೂನ್ 6ಕ್ಕೆ, ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಮಾಡಿದ ಕುಮಾರಸ್ವಾಮಿ ಸರ್ಕಾರದಲ್ಲಿ ಮಂತ್ರಿ. ಖಾತೆ ಅರಣ್ಯ. ರಾಣೆಬೆನ್ನೂರು ಅಂದರೆ ಕೃಷ್ಣಮೃಗಗಳ ಅಭಯಾರಣ್ಯ ಅಲ್ವಾ? ನಿಂತ ನಿಲುವಿನಲ್ಲೇ ಆಕಾಶಕ್ಕೆ ಚಿಮ್ಮಿ ಇನ್ನೊಂದು ಕಡೆ ಬೀಳುವ ಪ್ರಾಣಿ. ಅದರ ಊರಿನವರಿಗೇ ಅರಣ್ಯ ಖಾತೆ ಕೊಟ್ಟಿದ್ದಾರಲ್ಲ, ಯಾರೋ ಯೋಚನೆ ಮಾಡಿಯೇ ಕೊಟ್ಟಿರಬೇಕು ಅಂತ ನಾನು ಆಗ ಅಂದುಕೊಂಡಿದ್ದೆ.

ಡಿಸೆಂಬರ್ 22ಕ್ಕೆ ಮಂತ್ರಿಗಿರಿ ಹೋಯಿತು. ಸಂಪುಟ ಪುನಾರಚನೆ. ಅಲ್ಲಿಂದ 24 ದಿನಕ್ಕೆ ಸಂಕ್ರಾಂತಿ. ನಮ್ಮ ಕಡೆ ಆ ದಿನ ಕುಸುರೆಳ್ಳು ಕೊಟ್ಟು, ಎಳ್ಳು ಬೆಲ್ಲದ ಹಂಗ ಇರೂಣು ಅಂತಾರೆ. ಶಂಕರ್ ಅವರು ರಾಜ್ಯಪಾಲರಿಗೆ, ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಅಂತ ಪತ್ರ ಕೊಟ್ಟರು. ಮುಳಬಾಗಿಲಿನ ಪಕ್ಷೇತರ ಶಾಸಕ ಎಚ್. ನಾಗೇಶ್ ಅವರದ್ದೂ ಅದೇ ದಿನ ಅದೇ ಪತ್ರ. ಇಬ್ಬರೂ ಹೋದರು, ಸರ್ಕಾರ ಬೀಳಲಿಲ್ಲ. ಐದು ತಿಂಗಳು ಬಿಟ್ಟು ಅದೇ ಸರ್ಕಾರ ಅದೇ ಇಬ್ಬರನ್ನೂ ಕರೆದು ಮಂತ್ರಿ ಮಾಡಿತು. 2019ರ ಜೂನ್ 14. ಬೆಂಬಲ ಕೊಟ್ಟಾಗ ಖಾತೆ ಕಿತ್ತುಕೊಂಡವರು, ಬೆಂಬಲ ವಾಪಸ್ ಪಡೆದ ಮೇಲೆ ಖಾತೆ ಕೊಟ್ಟರು. ಇದರ ತರ್ಕ ನನ್ನ ತಲೆಗೆ ಹತ್ತಿದ್ದರೆ ನಾನೂ ಬರೆಯೋದು ಬಿಟ್ಟು ನಾಮಪತ್ರ ಸಲ್ಲಿಸ್ತಿದ್ದೆ.

ಈ ಸಲ ಪೌರಾಡಳಿತ ಖಾತೆ. ಜೊತೆಗೆ ಒಂದು ಷರತ್ತು ಇತ್ತು, ಆಟೋ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನ ಆಗಬೇಕು. ಇಲ್ಲಿ ಸ್ವಲ್ಪ ನಿಲ್ಲೋಣ. ಈ ಇಡೀ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಇದು.

ಹರಿಯಾಣದ ಹಸನ್‌ಪುರದಿಂದ ಗೆದ್ದ ಗಯಾ ಲಾಲ್ ಅನ್ನೋರು 1967ರಲ್ಲಿ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ಅದರಲ್ಲಿ ಒಂದು ಸಲ ಒಂಬತ್ತೇ ಗಂಟೆಯಲ್ಲಿ. ‘ಆಯಾ ರಾಮ್ ಗಯಾ ರಾಮ್’ ಅನ್ನೋ ಮಾತು ಹುಟ್ಟಿದ್ದು ಅವರಿಂದ. ಅದಾಗಿ 18 ವರ್ಷಕ್ಕೆ, 1985ರಲ್ಲಿ, ಪಕ್ಷಾಂತರ ನಿಷೇಧ ಕಾನೂನು ಬಂತು. ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್ ಸೇರಿತು. ಒಬ್ಬರು ಓಡಿದರೆ ಸದಸ್ಯತ್ವ ಹೋಗುತ್ತೆ. ಆದರೆ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಜನ ಒಪ್ಪಿದರೆ ಅದು ಓಡಿದ್ದಲ್ಲ, ವಿಲೀನ. ಬಸ್ಸಿನಿಂದ ಒಬ್ಬ ಇಳಿದು ಓಡಿದರೆ ಟಿಕೆಟ್ ಇಲ್ಲದವನು, ಮುಕ್ಕಾಲು ಬಸ್ಸೇ ಇಳಿದು ಓಡಿದರೆ ಪ್ರವಾಸ.

ಸರಿ. ಈಗ ಪಕ್ಷದಲ್ಲಿ ಇರೋದೇ ಒಬ್ಬ ಶಾಸಕರು. ಒಂದರಲ್ಲಿ ಮೂರನೇ ಎರಡರಷ್ಟು ಎಷ್ಟು? ಕಾನೂನಿನ ಪ್ರಕಾರ ಮೊಣಕಾಲಿನಿಂದ ಮೇಲಕ್ಕೆ ಹೋಗಿದ್ದರೂ ಸಾಕಿತ್ತು. ಶಂಕರ್ ಅವರು ದೊಡ್ಡ ಮನಸ್ಸು ಮಾಡಿ ಪೂರ್ತಿ ಹೋದರು. ಶಾಸಕಾಂಗ ಪಕ್ಷದ ಸಭೆ ಕರೆಯೋಕೆ ಕನ್ನಡಿ ಮುಂದೆ ನಿಂತರೆ ಮುಗೀತು. ಸೂಚಕರೂ ಅವರೇ, ಅನುಮೋದಕರೂ ಅವರೇ, ಭಿನ್ನಮತೀಯರು ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದರೆ ಅಲ್ಲೂ ಅವರೇ. ಕೈ ಎತ್ತಿದರೆ ಸರ್ವಾನುಮತ. ಭಾರತದ ಯಾವ ಪಕ್ಷದಲ್ಲೂ ಇಷ್ಟು ಒಗ್ಗಟ್ಟು ನಾನು ಕಂಡಿಲ್ಲ.

ಅಷ್ಟಾದರೂ ವಿಲೀನ ನಿಜವಾಗಿ ಆಗಿತ್ತಾ ಇಲ್ವಾ ಅನ್ನೋದು ಮುಂದೆ ಸುಪ್ರೀಂ ಕೋರ್ಟಿನವರೆಗೂ ಚರ್ಚೆಯಾಯಿತು! ಒಬ್ಬ ಮನುಷ್ಯ ಒಂದು ಪಕ್ಷ ಸೇರಿದ್ದಾನಾ ಅಂತ ತಿಳಿಯೋಕೆ ಅಷ್ಟೊಂದು ವಕೀಲರು ಬೇಕಾದರು.

ಯಾಕೆ ಅಂದರೆ, ಜುಲೈ 8ಕ್ಕೆ ಶಂಕರ್ ಅವರು ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟು ಬಿಜೆಪಿಗೆ ಬೆಂಬಲ ಅಂದರು. ಲೆಕ್ಕ ಹಾಕಿ ನೋಡಿ, ಇದೂ ಸರಿಯಾಗಿ 24 ದಿನ. ಜೂನ್‌ನಲ್ಲಿ ಪ್ರಮಾಣ ವಚನದ ಹೊತ್ತಿಗೆ ನಮ್ಮ ಕಡೆ ಬಿತ್ತಿದ ಮೆಕ್ಕೆಜೋಳ ಆಗಿನ್ನೂ ಮೊಣಕಾಲೆತ್ತರ. ಅದಕ್ಕೆ ಎರಡನೇ ಸಲ ಗೊಬ್ಬರ ಹಾಕೋದರೊಳಗೆ ಪೌರಾಡಳಿತ ಮುಗಿದಿತ್ತು. ಕಸದ ಗಾಡಿ ಎಲ್ಲೆಲ್ಲಿ ನಿಲ್ಲುತ್ತೆ ಅಂತ ತಿಳಿಯೋಕೇ ಒಂದು ತಿಂಗಳು ಬೇಡವಾ?

ಜುಲೈ 23ಕ್ಕೆ 99–105ರಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. 25ಕ್ಕೆ ಸ್ಪೀಕರ್ ರಮೇಶ್ ಕುಮಾರ್ ಅವರು, ಸರ್ಕಾರಕ್ಕೆ ಕೈಕೊಟ್ಟ ಶಾಸಕರ ಪೈಕಿ ಶಂಕರ್ ಸೇರಿ ಮೂವರನ್ನು ಅನರ್ಹ ಮಾಡಿದರು, 28ಕ್ಕೆ ಇನ್ನೂ 14 ಮಂದಿಯನ್ನು. 2023ರವರೆಗೆ ಯಾರೂ ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಅನರ್ಹರು ಅಂದಿದ್ದು ಸರಿ, ನಿಲ್ಲುವಂತಿಲ್ಲ ಅಂದಿದ್ದು ಸರಿಯಲ್ಲ ಅಂದಿತು. ಡಿಬಾರ್ ಆದ ಹುಡುಗರು 22 ದಿನಕ್ಕೆ ಸಪ್ಲಿಮೆಂಟರಿ ಬರೆದರು. ಡಿಸೆಂಬರ್ 5ರ ಆ ಉಪಚುನಾವಣೆಯಲ್ಲಿ 15 ಕ್ಷೇತ್ರದ ಪೈಕಿ 12 ಬಿಜೆಪಿಗೆ. ಕೆಲವೇ ತಿಂಗಳ ಹಿಂದೆ ‘ಅನರ್ಹರು’ ಆಗಿದ್ದವರನ್ನು ಜನರೇ ಮತ್ತೆ ಅರ್ಹರು ಅಂದರು. ನಾವು ಮತದಾರರು ಬಹಳ ಪಾಪದವರು ಅಂತ ನಾನಂತೂ ಹೇಳೋಕೆ ಹೋಗಲ್ಲ.

ಶಂಕರ್ ಅವರಿಗೆ ಮಾತ್ರ ಸಪ್ಲಿಮೆಂಟರಿ ಹಾಲ್ ಟಿಕೆಟ್ ಸಿಗಲಿಲ್ಲ. ರಾಣೆಬೆನ್ನೂರಿನ ಬಿಜೆಪಿ ಟಿಕೆಟ್ ಅರುಣಕುಮಾರ್ ಪೂಜಾರ್ ಅವರಿಗೆ ಹೋಯಿತು, ಅವರು ಗೆದ್ದರು. ಸೋತವರು ಯಾರು ಅಂತೀರಿ? ಕೋಳಿವಾಡರೇ. ಶಂಕರ್ ಅವರಿಗೆ ಮೇಲ್ಮನೆ. 2020ರ ಜೂನ್‌ನಲ್ಲಿ ಶಾಸಕರಿಂದ ಅವಿರೋಧವಾಗಿ ಆಯ್ಕೆಯಾಗಿ ವಿಧಾನ ಪರಿಷತ್ತಿಗೆ ಬಂದರು.

‘ಆಯ್ಕೆ’ ಅನ್ನೋ ಪದವನ್ನು ಗಮನಿಸಿ, ಅದರ ಬೆಲೆ ಒಂದು ಗೂಟದ ಕಾರು. ಅನರ್ಹರಾದವರು ಮತ್ತೆ ಆಯ್ಕೆಯಾಗುವ ತನಕ ಮಂತ್ರಿಯಾಗುವಂತಿಲ್ಲ ಅನ್ನುತ್ತೆ ಸಂವಿಧಾನ. ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್ ಅವರೂ ಅದೇ ಪರಿಷತ್ತಿಗೆ, ಅದೇ ವರ್ಷ ಬಂದರು. ಆದರೆ ನಾಮಕರಣಗೊಂಡು ಬಂದರು. ಹಾಗಾಗಿ ಅವರು ಮಂತ್ರಿಯಾಗುವಂತಿಲ್ಲ ಎಂದು ಹೈಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿತು. ಶಂಕರ್ ಮತ್ತು ಅವರಂತೆಯೇ ಅನರ್ಹರಾಗಿದ್ದ ಎಂ.ಟಿ.ಬಿ. ನಾಗರಾಜ್ ಆಗಬಹುದು, ಅವರು ಆಯ್ಕೆಯಾದವರು. ಮೂವರೂ ಒಂದೇ ಸಭಾಂಗಣದಲ್ಲಿ, ಒಂದೇ ಬಣ್ಣದ ಸೀಟಿನಲ್ಲಿ. ಒಬ್ಬರು ಮಾತ್ರ ತಪ್ಪು ಬಾಗಿಲಿನಿಂದ ಬಂದಿದ್ದರು.

2021ರ ಜನವರಿ 13ರಂದು ಶಂಕರ್ ಅವರದ್ದು ಎರಡೂವರೆ ವರ್ಷದಲ್ಲಿ ಮೂರನೇ ಪ್ರಮಾಣ ವಚನ. ಆ ಹೊತ್ತಿಗೆ ಬಾಯಿಪಾಠ ಆಗಿರಲೇಬೇಕು. ಖಾತೆ ತೋಟಗಾರಿಕೆ ಮತ್ತು ರೇಷ್ಮೆ. ಖಾತೆ ಹಂಚುವವರ ಹಾಸ್ಯಪ್ರಜ್ಞೆಗೆ ನಾನು ಕೈಮುಗಿದೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಅದನ್ನು ಜ್ವರ ಅಂತಾರೆ. ಹುಳು ಎರಡನೇ ಜ್ವರಕ್ಕೆ ಕೂತಿದೆ, ಮೂರನೇ ಜ್ವರದಿಂದ ಎದ್ದಿದೆ, ಹೀಗೆ. ಅಲ್ಲಿಗೆ ಇವರದ್ದು ಆಟೋ, ಕೈ, ಕಮಲ. ಎಷ್ಟನೇ ಜ್ವರ ಅಂತ ಲೆಕ್ಕ ನೀವೇ ಹಾಕಿಕೊಳ್ಳಿ.

ಆರು ತಿಂಗಳಿಗೆ ಯಡಿಯೂರಪ್ಪ ಕೆಳಗಿಳಿದರು. ಬೊಮ್ಮಾಯಿ ಸಂಪುಟದ ಪಟ್ಟಿಯಲ್ಲಿ ಶಂಕರ್ ಅವರ ಹೆಸರಿರಲಿಲ್ಲ. ಹಾವೇರಿ ಜಿಲ್ಲೆಯ ಮುಖ್ಯಮಂತ್ರಿ ಬಂದರು, ಹಾವೇರಿ ಜಿಲ್ಲೆಯ ಮಂತ್ರಿ ಹೋದರು. 2023ರ ಏಪ್ರಿಲ್‌ನಲ್ಲಿ ಪರಿಷತ್ತಿಗೆ ರಾಜೀನಾಮೆ ಕೊಟ್ಟು ಎನ್‌ಸಿಪಿ ಸೇರಿದರು. ಗುರುತು ಗಡಿಯಾರ.

ಒಂದು ಮಾತು ನನಗೆ ಬಹಳ ತಡವಾಗಿ ಹೊಳೆಯಿತು. ಈ ಐದು ವರ್ಷದಲ್ಲಿ ಅವರು ಜನರ ಮುಂದೆ ಎರಡೇ ಸಲ ನಿಂತಿದ್ದು. ಒಮ್ಮೆ ಆಟೋ, ಒಮ್ಮೆ ಗಡಿಯಾರ. ಕೈ ಗುರುತಿಗೋ ಕಮಲಕ್ಕೋ ವೋಟು ಹಾಕಿ ನನ್ನನ್ನು ಗೆಲ್ಲಿಸಿ ಅಂತ ರಾಣೆಬೆನ್ನೂರಿನವರನ್ನು ಅವರು ಕೇಳಿದ್ದೇ ಇಲ್ಲ. ಆದರೆ ಮಂತ್ರಿಯಾಗಿದ್ದೆಲ್ಲ ಕೈಯವರ, ಕಮಲದವರ ಲೆಕ್ಕದಲ್ಲಿ. ವೋಟು ಒಂದು ಅಂಗಡಿಯದ್ದು, ಬಿಲ್ಲು ಇನ್ನೊಂದು ಅಂಗಡಿಯದ್ದು. ಮತ್ತೆ, ಇದರಲ್ಲಿ ಕಾನೂನು ಮುರಿದದ್ದಕ್ಕೆ ಸಿಕ್ಕ ಶಿಕ್ಷೆ ಒಟ್ಟು ಸೇರಿ ಹನ್ನೊಂದು ತಿಂಗಳ ರಜೆ. ಅಷ್ಟು ರಜೆ ನಮ್ಮ ಭಾವನಿಗೆ ಮೂವತ್ತು ವರ್ಷದ ನೌಕರಿಯಲ್ಲಿ ಒಟ್ಟಿಗೆ ಸಿಕ್ಕಿರಲಿಲ್ಲ.

2023ರ ಮೇನಲ್ಲಿ ಗಡಿಯಾರ ಮೂರನೇ ಸ್ಥಾನಕ್ಕೆ ಬಂತು. ಗೆದ್ದವರು ಕಾಂಗ್ರೆಸ್ಸಿನ ಪ್ರಕಾಶ್ ಕೋಳಿವಾಡ. ಹೌದು, ಆ ಕೋಳಿವಾಡರ ಮಗ. ಊರೆಲ್ಲ ಸುತ್ತಿ ಬಂದ ಆಟೋ ಹೊರಟ ಮನೆಯ ಬಾಗಿಲಿಗೇ ಬಂದು ನಿಂತಿತ್ತು, ಬಾಗಿಲು ತೆಗೆದವರು ಮಾತ್ರ ಸ್ವಲ್ಪ ಚಿಕ್ಕ ವಯಸ್ಸಿನವರು.

ನಮ್ಮ ಫ್ಲೆಕ್ಸ್ ಅರ್ಧ ಗಂಟೆಯಲ್ಲಿ ತಯಾರಾಯಿತು. ಭಾವ ನಡುವೆ ಕೈಮುಗಿದು ನಿಂತಿದ್ದರು. ಮೇಲೆ ಐದು ಬಿಳಿ ಉಂಡೆ ಖಾಲಿ ಉಳಿದಿದ್ದವು.

"ಇವನ್ನ ತೆಗೀ ತಮ್ಮಾ, ನಮಗ ಯಾರೂ ಬ್ಯಾಡ" ಅಂದೆ.

ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. "ಇರ್ಲಿ ಬಿಡ್ರಿ ಸರ. ಫೈಲ್ ಸೇವ್ ಮಾಡಿಟ್ಟಿರ್ತೀನಿ. ನಾಳೆ ಸಾಹೇಬ್ರು ಎಲೆಕ್ಷನ್‌ಗೆ ನಿಂದ್ರತಾರೋ ಏನೋ."