ಅಗಳದ ಹಲಸು

ಡಲ್ಲಾಸಿನಲ್ಲಿರುವ ಅಣ್ಣನ ಮಗ ಮೊನ್ನೆ ವಾಟ್ಸಾಪಿನಲ್ಲಿ ಕೇಳಿದ: "ಚಿಕ್ಕಪ್ಪ, ನಮ್ಮ ಮೂಲಮನೆ ಲೊಕೇಶನ್ ಕಳಿಸಿ." ಕಳಿಸಿದೆ. "ಇದು ನೀರಲ್ವಾ?" ಅಂದ. ನೀರೇ ಕಣಪ್ಪಾ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿರೋದು ನೀರೇ. ಇವರಿಗೆ ಬೇರು ಬೇಕು, ಆದರೆ ಪಿನ್ ಹಾಕಿ ಕೊಡಬೇಕು.

ಸರಿ, ಹಳೇ ನಕ್ಷೆ ಹುಡುಕಿದೆ. 1950ರ ದಶಕದಲ್ಲಿ ಅಮೆರಿಕದ ಸೇನೆ ಅಚ್ಚು ಹಾಕಿಸಿದ ಭಾರತದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ಬಿಟ್ಟಿಯಾಗಿ ಕೊಡುತ್ತದೆ. ಸಾಗರ ತಾಲ್ಲೂಕಿನ ಮುಳುಗಿದ ಊರು ನೋಡಲು ಟೆಕ್ಸಾಸಿನ ಬಾಗಿಲು ತಟ್ಟಬೇಕು. ಆ ಹುಡುಗ ಇರೋದೂ ಅಲ್ಲೇ; ಅವನೇ ತಟ್ಟಬಹುದಿತ್ತು. ಇರಲಿ. ಶರಾವತಿಯ ಪಕ್ಕ ನಮ್ಮೂರು ಸಿಕ್ಕಿತು. ಒಂದು ಚುಕ್ಕಿ.

ಪ್ರಿಂಟ್ ತೆಗೆಸಿ ದೊಡ್ಡಪ್ಪನ ಮುಂದಿಟ್ಟೆ. ಮನೆ ಎಲ್ಲಿ, ದೇವಸ್ಥಾನ ಎಲ್ಲಿ ಅಂತ ಕೇಳಲಿಲ್ಲ. ಕನ್ನಡಕ ಏರಿಸಿ, "ಅಗಳ ಎಲ್ಲಿ?" ಅಂದರು.

ನಮ್ಮ ತೋಟಕ್ಕೂ ದಾಯಾದಿಗಳ ತೋಟಕ್ಕೂ ನಡುವೆ ಒಂದು ಅಗಳ, ಅಂದರೆ ಗಡಿಗೆ ತೋಡಿದ ಕಂದಕ. ಅದರ ದಂಡೆಯ ಮೇಲೆ ಹಲಸಿನ ಮರ. ಬುಡ ಅವರದ್ದು, ಹಣ್ಣು ಬೀಳುತ್ತಿದ್ದದ್ದು ನಮ್ಮ ಕಡೆ. ಅಜ್ಜ ಬೇಲಿಯನ್ನು ಒಂದು ಮೊಳ ಆಚೆ ಸರಿಸಿದರಂತೆ. ಅವರು ರಾತ್ರೋರಾತ್ರಿ ಎರಡು ಮೊಳ ಈಚೆ ಸರಿಸಿದರಂತೆ. ಪಂಚಾಯ್ತಿಕೆ ಆಯಿತು. ಕೋರ್ಟಾಯಿತು. ವಕೀಲರ ಫೀಸಿಗೆ ಒಂದು ವರ್ಷದ ಅಡಿಕೆ ಹೋಯಿತು. ಹಲಸಿನ ಹಣ್ಣನ್ನು ಮಾತ್ರ ಎರಡೂ ಮನೆಯವರು ಮುಟ್ಟುವಂತಿಲ್ಲ; ಕೊಳೆತ ಹಣ್ಣಿಗೆ ನೊಣ ಮುತ್ತಿ, ಮಂಗಗಳು ಕೊಬ್ಬಿದವು. ಕೇಸು ಇತ್ಯರ್ಥ ಆಗುವ ಮೊದಲೇ ಮುಳುಗಡೆ ನೋಟಿಸು ಬಂತು. ಎರಡೂ ಮನೆಯವರು ಒಂದೇ ಲಾರಿಯಲ್ಲಿ ಸಾಮಾನು ಹೇರಿಕೊಂಡು ಊರು ಬಿಟ್ಟರು. ದಾರಿಯುದ್ದಕ್ಕೂ ಮಾತಿಲ್ಲ.

"ದೊಡ್ಡಪ್ಪ, ಇದರಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 250 ಮೀಟರ್. ಅವರ ಮನೆ, ನಮ್ಮ ಮನೆ, ಅಗಳ, ಹಲಸು ಎಲ್ಲ ಸೇರಿ ಈ ಚುಕ್ಕಿ" ಅಂದೆ.

ಎಂಬತ್ತು ದಾಟಿದವರಿಗೆ ಅಷ್ಟು ಸಿಟ್ಟು ಒಳ್ಳೆಯದಲ್ಲ. "ಅವರನ್ನೂ ನಮ್ಮನ್ನೂ ಒಂದೇ ಚುಕ್ಕಿಗೆ ಹಾಕಿದವ ಯಾವನೋ?"

ಸಮಾಧಾನ ಮಾಡೋಣ ಅಂತ, ಸರ್ವೇ ಆಫ್ ಇಂಡಿಯಾದ ಇಂಚಿಗೊಂದು ಮೈಲಿಯ ಹಾಳೆಗಳೂ ಇವೆ, ಅವುಗಳಲ್ಲಿ ಒಂಟಿ ಮರಕ್ಕೂ ಗುರುತಿರುತ್ತದೆ ಅಂತ ಸುಮ್ನೆ ಹೇಳಿದೆ. ಈಗ ಬೆಳಿಗ್ಗೆ ಸಂಜೆ ಫೋನು: "ಆ ಹಾಳೆ ಸಿಕ್ತಾ?" ನಮ್ಮ ವಕೀಲರ ಮಗನೂ ವಕೀಲನೇ ಅಂತೆ, ವಿಚಾರಿಸಿದ್ದಾರೆ.