ಮಾಲೆ ರೆಡಿ, ರೈಲು ಎಲ್ಲಿ?

ಬೆಂಗಳೂರು ಉಪನಗರ ರೈಲಿನ ಗಡುವು ಮತ್ತೆ ಮುಂದಕ್ಕೆ ಹೋಗಿದೆ. ನಿಮಗೆ ಗೊತ್ತಿರೋದೇ, ಬಿಡಿ. 2022ರ ಜೂನ್‌ನಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ, 40 ವರ್ಷ ಆಗದ್ದನ್ನು 40 ತಿಂಗಳಲ್ಲಿ ಮಾಡ್ತೀವಿ ಅಂದಿದ್ದರು. 2025ರ ಅಕ್ಟೋಬರ್‌ಗೆ ಆ 40 ತಿಂಗಳು ಮುಗಿದವು. ತಿಂಗಳುಗಳು ಮಾತ್ರ ಹೇಳಿದ ಟೈಮಿಗೆ ಕರೆಕ್ಟಾಗಿ ಮುಗಿದವು.

ಹಾಗಂತ ಕೆಲಸವೇ ಆಗಿಲ್ಲ ಅನ್ನಬೇಡಿ, ಪಾಪ ಬರುತ್ತೆ. ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರಿಟ್ಟಿದ್ದಾರಲ್ಲ! ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 148 ಕಿಲೋಮೀಟರ್ ಹೂಮಾಲೆ, 15,767 ಕೋಟಿ ರೂಪಾಯಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲೂ ಈ ರೇಟಿಲ್ಲ. ಸಂಪಿಗೆ ಹೋಗಬೇಕಾದ್ದು ದೇವನಹಳ್ಳಿಗೆ. ಅಲ್ಲಿ ವಿಮಾನ ಹಾರಲು ಶುರುವಾಗಿದ್ದು 2008ರಲ್ಲಿ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರೋ ಹೂವು. ಯಾರೋ ಯೋಚನೆ ಮಾಡಿಯೇ ಇಟ್ಟಿರಬೇಕು.

ಇದು ಕೇಂದ್ರ, ರಾಜ್ಯ ಇಬ್ಬರ ಯೋಜನೆ. ರೈಲು ಕಟ್ಟಬೇಕಾದ ಜಂಟಿ ಕಂಪನಿ ಕೆ-ರೈಡ್, ನೈರುತ್ಯ ರೈಲ್ವೆ, ದಿಲ್ಲಿಯ ರೈಲ್ವೆ ಬೋರ್ಡ್, ವಿಧಾನಸೌಧ, ಪಾಲಿಕೆ, ಜಲಮಂಡಳಿ, ಬೆಸ್ಕಾಂ, ಮೆಟ್ರೋ. ಎಲ್ಲರಿಗೂ ಎಲ್ಲರ ಜೊತೆ ಸಮನ್ವಯ. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರೆ. ಇಲ್ಲಿ ಹಾವಿನ ಹತ್ತಿರವೂ ಎನ್‌ಒಸಿ ತರಬೇಕು.

ಸಮನ್ವಯ ಸಭೆ ಹೇಗಿರುತ್ತೆ? ಗೋಡಂಬಿ ತಟ್ಟೆ ಬರುತ್ತೆ, ಸಾಹೇಬರು ಬರಲ್ಲ. ಪ್ರತಿನಿಧಿ ಬರ್ತಾರೆ. ಅವರಿಗೆ ಬರ್ಕೊಂಡು ಹೋಗೋ ಅಧಿಕಾರ ಉಂಟು, ಹೂಂ ಅನ್ನೋ ಅಧಿಕಾರ ಇಲ್ಲ. ‘ಸಾಹೇಬರ ಗಮನಕ್ಕೆ ತರ್ತೀನಿ ಸಾರ್.’ ಸಾಹೇಬರು ಫೈಲ್ ಮೇಲೆ ‘ಚರ್ಚಿಸಿ’ ಅಂತ ಒಂದೇ ಪದ ಬರೆದು ಸಹಿ ಹಾಕ್ತಾರೆ. ಚರ್ಚೆಗೆ ಡೇಟ್ ಸಿಗೋಷ್ಟರಲ್ಲಿ ಅವರಿಗೆ ವರ್ಗ. ಹೊಸಬರಿಗೆ ಮತ್ತೆ ಮೊದಲಿನಿಂದ ಪಿಪಿಟಿ, ಮತ್ತೆ ಗೋಡಂಬಿ.

ಕೆ-ರೈಡ್‌ಗೆ ಎಷ್ಟೋ ಕಾಲ ಪೂರ್ಣಾವಧಿ ಎಂ.ಡಿ. ಕೂಡ ಇರಲಿಲ್ಲ, ಯಾರಿಗೋ ಹೆಚ್ಚುವರಿ ಹೊಣೆ. ಎಂ.ಡಿ. ರೈಲ್ವೆಯವರಾಗಬೇಕೋ, ಐಎಎಸ್‌ನವರೋ ಅನ್ನೋ ಜಗ್ಗಾಟ ಬೇರೆ. 2025ರಲ್ಲಿ, ಜಾಗವನ್ನೇ ಕೊಡಲಿಲ್ಲ ಅಂತ ಎರಡು ಮಾರ್ಗದ ಗುತ್ತಿಗೆ ಕಂಪನಿ ಕೈ ತೊಳೆದುಕೊಂಡು ಹೋಯಿತು. ಬೇಕಾದ ಜಾಗದಲ್ಲಿ ರೈಲ್ವೆಯದೂ ಸಾಕಷ್ಟಿದೆ. ರೈಲ್ವೆಯೇ ಕೆ-ರೈಡ್‌ನ ಪಾಲುದಾರ!

ನಕ್ಕು ನಕ್ಕು ಸಾಕಾಗಿದೆ ಕಣ್ರೀ. ಹೊಸೂರು ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಗಾರ್ಮೆಂಟ್ಸ್ ಹೆಣ್ಣುಮಗಳು ಸ್ವಲ್ಪ ಲೇಟಾದರೂ ಕೂಲಿಗೆ ಕತ್ತರಿ ಬೀಳುತ್ತೆ. ವರ್ಷಗಟ್ಟಲೆ ಲೇಟ್ ಮಾಡಿದ ಈ ಸಮನ್ವಯದವರಲ್ಲಿ ಒಬ್ಬರದಾದರೂ ಇನ್‌ಕ್ರಿಮೆಂಟ್ ನಿಂತಿದೆಯಾ?